ಮೂಳೆ ಬಲಿಯುವವರೆಗೆ

ಆಗಸ್ಟ್ 9

ಅತ್ತೆಗೆ,

ತಲುಪಿದೆ. ನೀನು ಹೇಳಿದಂತೆ ಬಸ್ಸಿನಲ್ಲಿ ಬ್ಯಾಗನ್ನು ಕಾಲುಗಳ ಮಧ್ಯೆ ಇಟ್ಟುಕೊಂಡೇ ನಿದ್ದೆ ಮಾಡಿದೆ. ಯಾರೂ ಕದಿಯಲಿಲ್ಲ. ಕದಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಎನ್ನುವುದು ಬೇರೆ ಮಾತು. ಇಲ್ಲಿ ವಾರವಿಡೀ ನಮ್ಮ ಫೋನ್‌ಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಉಳಿದ ಹುಡುಗರು ಗೋಳಾಡುತ್ತಿದ್ದಾರೆ, ನನಗೇನೂ ಅನ್ನಿಸಲಿಲ್ಲ. ಕಿವಿ ಕೇಳದ ನಿನಗೆ ಫೋನ್ ಮಾಡಿ ನಾನು ಯಾರ ಹತ್ತಿರ ಮಾತಾಡಲಿ? ಅದಕ್ಕೇ ಪತ್ರ.

ಫುಟ್‌ಬಾಲ್ ಅಕಾಡೆಮಿ ದೊಡ್ಡದು. ಮೈದಾನವೇ ನಾಲ್ಕು ಇವೆ, ಸುತ್ತ ತಂತಿ ಬೇಲಿ. ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡುತ್ತಾರೆ, ಎಷ್ಟು ಹೊತ್ತು ಮಲಗಿದೆ ಎಂದು ಕೇಳುತ್ತಾರೆ, ಆಮೇಲೆ ಆಟ, ಮಧ್ಯಾಹ್ನ ಶಾಲೆ, ಸಂಜೆ ಒಂದು ಕತ್ತಲ ಕೋಣೆಯಲ್ಲಿ ನಾವೇ ಆಡಿದ ಆಟದ ವಿಡಿಯೋ. ನಮ್ಮ ತಪ್ಪುಗಳನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸುತ್ತಾರೆ. ನಿನ್ನ ನೆನಪಾಯಿತು.

ನನ್ನ ಕೋಣೆಯಲ್ಲಿ ಎರಡು ಹಾಸಿಗೆ. ಇನ್ನೊಂದರಲ್ಲಿ ಮಲಗುವವನನ್ನು ಎಲ್ಲರೂ ಕಂಬ ಎಂದು ಕರೆಯುತ್ತಾರೆ. ನನ್ನ ವಯಸ್ಸಿನವನೇ, ಆದರೆ ಆಗಲೇ ಗಡ್ಡ ತೆಗೆಯುತ್ತಾನೆ. ಫಾರ್ವರ್ಡ್ ಆಡುತ್ತಾನೆ. ಚೆಂಡು ಮೇಲೆ ಬಂದರೆ ಸಾಕು, ಅದು ಅವನದೇ. ಹೋದ ವರ್ಷ ಅವನಷ್ಟು ಗೋಲು ಯಾರೂ ಹೊಡೆದಿಲ್ಲವಂತೆ. ಅವನ ಪಕ್ಕ ನಿಂತರೆ ನನ್ನನ್ನು ಅವನ ಮಗ ಎನ್ನಬೇಕು.

ಏಪ್ರಿಲ್ ಕೊನೆಗೆ ಕೋಚ್ ಒಬ್ಬೊಬ್ಬರನ್ನೇ ಕರೆದು, ಉಳಿಯುತ್ತೀಯೋ ಇಲ್ಲವೋ ಎಂದು ಹೇಳುತ್ತಾರೆ. ಉಳಿದವರಿಗೆ ಕ್ಲಬ್ಬಿನ ಕರಾರು, ಹಿರಿಯರ ಹಾಸ್ಟೆಲಿನಲ್ಲಿ ಎರಡು ವರ್ಷಕ್ಕೆ ಹಾಸಿಗೆ. ಅಲ್ಲಿಂದ ಮುಂದೆ ದೊಡ್ಡ ಆಟ. ಉಳಿಯದವರಿಗೆ ಬಸ್ಸು. ಹಾಸಿಗೆಗಳು ಕಡಿಮೆ, ಹುಡುಗರು ಜಾಸ್ತಿ. ಇವತ್ತು ಎಲ್ಲರ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದರು. ಯಾಕೋ ಗೊತ್ತಿಲ್ಲ.

ನಿನ್ನ ಪಿಳ್ಳೆ

ಆಗಸ್ಟ್ 20

ಅಳಿಯ ಮಹಾರಾಯರಿಗೆ,

ನಿನ್ನ ಪತ್ರವನ್ನು ಮಗ್ಗದ ಶೆಡ್ಡಿಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ಓದಿ ಹೇಳಿದೆ. ಓದಿ ಹೇಳಿದೆ ಎಂದರೆ ಗೊತ್ತಲ್ಲ, ತುಟಿ ಆಡಿಸಿದೆ. ಆ ಗದ್ದಲದಲ್ಲಿ ಯಾರಿಗೆ ಏನು ಕೇಳಬೇಕು? ಶೆಡ್ಡಿನ ಆ ತುದಿಯಲ್ಲಿದ್ದವಳೂ ನನ್ನ ಬಾಯಿ ನೋಡಿ ನಕ್ಕಳು. ಕಿವಿ ಹೋದದ್ದಕ್ಕೆ ಮಗ್ಗ ನಮಗೆ ಕೊಟ್ಟ ಕೂಲಿ ಇದೊಂದೇ, ಎಷ್ಟು ದೂರದಿಂದ ಬೇಕಾದರೂ ಬಾಯಿ ಓದಬಲ್ಲೆವು.

ಕಾಲಲ್ಲಿ ಆಡುವ ಆಟಕ್ಕೆ ಮಣಿಕಟ್ಟಿನ ಎಕ್ಸ್‌ರೇ ಯಾಕೆ? ಕೈ ಮುರಿದಿದೆಯಾ? ಮುಚ್ಚಿಡಬೇಡ. ಆ ಕಂಬ ಏನು ತಿನ್ನುತ್ತಾನೆ ಎಂದು ನೋಡಿ ಅದನ್ನೇ ತಿನ್ನು, ಅವನಿಗಿಂತ ಒಂದು ತುತ್ತು ಜಾಸ್ತಿ ತಿನ್ನು. ಬಾಗಿಲ ಮೇಲಿನ ಪಟ್ಟಿ ಹಿಡಿದು ಜೋತಾಡು. ನಮ್ಮ ವಂಶದಲ್ಲಿ ಯಾರೂ ಉದ್ದ ಇಲ್ಲ, ಆದರೆ ಯಾರೂ ಜೋತಾಡಿಯೂ ನೋಡಿಲ್ಲ.

ನಿನ್ನ ಅಪ್ಪ ಲಾರಿ ಇಳಿದು ಒಂದು ರಾತ್ರಿ ಮನೆಗೆ ಬಂದಿದ್ದ. ಹುಡುಗನನ್ನು ಮೆಕ್ಯಾನಿಕ್ ಕೆಲಸಕ್ಕೆ ಹಾಕುವುದು ಬಿಟ್ಟು ಚೆಂಡಿನ ಹಿಂದೆ ಓಡಿಸಿದ್ದೀಯಾ ಎಂದು ನನ್ನ ತಲೆ ತಿಂದ. ನಾನು ಕಣ್ಣು ಮುಚ್ಚಿಕೊಂಡೆ. ನಾನು ಕಣ್ಣು ಮುಚ್ಚಿಕೊಂಡರೆ ಯಾರೂ ನನ್ನ ಜೊತೆ ಜಗಳ ಆಡಲು ಆಗುವುದಿಲ್ಲ. ಆದರೆ ನಿನ್ನನ್ನು ಕಳಿಸಿದವಳು ನಾನು. ನನ್ನ ಮಾತು ಉಳಿಸು. ಏಪ್ರಿಲ್‌ನಲ್ಲಿ ನಿನಗೆ ಆ ಹಾಸಿಗೆ ಸಿಗಲೇಬೇಕು.

ಅತ್ತೆ

ಅಕ್ಟೋಬರ್ 2

ಅತ್ತೆಗೆ,

ಬರೆಯಲು ತಡವಾಯಿತು, ಬೈಯಬೇಡ. ಕೈ ಮುರಿದಿಲ್ಲ. ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿದೆ ಎಂದರು.

ಇಲ್ಲಿ ಈಗ ಕಲಿಸುತ್ತಿರುವುದು ನೋಡುವುದನ್ನು. ಚೆಂಡು ನನ್ನ ಹತ್ತಿರ ಬರುವ ಮೊದಲೇ ನಾನು ಭುಜದ ಮೇಲಿಂದ ಹಿಂದೆ ನೋಡಿರಬೇಕು, ಯಾರು ಎಲ್ಲಿದ್ದಾರೆ ಎಂದು ತಲೆಯಲ್ಲಿ ಇಟ್ಟುಕೊಂಡಿರಬೇಕು. ಚೆಂಡು ಬಂದ ಮೇಲೆ ನೋಡುವವನಿಗೆ ಅಷ್ಟರಲ್ಲಿ ಯಾರೋ ಬಂದು ಗುದ್ದಿರುತ್ತಾರೆ. ಬೇರೆಯವರಿಗೆ ಇದು ಕಷ್ಟ. ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದು ಕೋಚ್ ಹೇಳಿದರು. ನೀನು ಅಡುಗೆಮನೆಯಲ್ಲಿ ಯಾವ ಕಡೆ ತಿರುಗಿದ್ದೀಯಾ ಎಂದು ನೋಡಿಯೇ ಮಾತು ಶುರುಮಾಡುವ ಅಭ್ಯಾಸ ನನ್ನದು, ಅದನ್ನು ಅವರಿಗೆ ಹೇಳಲಿಲ್ಲ.

ಇನ್ನೊಂದು ವಿಷಯ. ನನ್ನನ್ನು ಕ್ಯಾಪ್ಟನ್ ಮಾಡಿದ್ದಾರೆ. ಶಾಲೆಯ ಪರೀಕ್ಷೆ ಇದೆ, ಹೆಚ್ಚು ಬರೆಯುವುದಿಲ್ಲ.

ಪಿಳ್ಳೆ

ಅಕ್ಟೋಬರ್ 12

ಕ್ಯಾಪ್ಟನ್ ಸಾಹೇಬರಿಗೆ,

ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಕಣೋ. ಎರಡನೆಯ ಪಾಳಿಯವರು ಬಂದರೂ ನಾನು ಮನೆಗೆ ಹೋಗದೆ ಅವರಿಗೂ ಹೇಳಿದೆ. ಮೇಸ್ತ್ರಿಗೆ ಹೇಳಿದೆ. ನಮ್ಮ ಬೀದಿಯ ದರ್ಜಿಗೆ ಹೇಳಿದೆ, ಅವನಿಗೆ ಫುಟ್‌ಬಾಲ್ ಎಂದರೆ ಏನೆಂದೇ ಗೊತ್ತಿಲ್ಲ, ಆದರೂ ಅಳತೆ ಟೇಪು ಕೆಳಗಿಟ್ಟು ಕೈಕುಲುಕಿದ. ಇಷ್ಟು ದೊಡ್ಡ ಸುದ್ದಿಯನ್ನು ಒಂದು ಸಾಲಿನಲ್ಲಿ ಬರೆದಿದ್ದೀಯಲ್ಲ, ಶಾಯಿಗೆ ಬರಗಾಲವೇ?

ಕಂಬನೂ ನಿನ್ನ ಮಾತು ಕೇಳಬೇಕು ಈಗ, ಅಲ್ಲವಾ? ಅವನಿಗೆ ಹೊಟ್ಟೆಕಿಚ್ಚು ಬಂದಿರುತ್ತದೆ, ಹುಷಾರು. ನಮ್ಮ ಶೆಡ್ಡಿನ ಹೆಂಗಸರೆಲ್ಲ ವ್ಯಾನು ಮಾಡಿಕೊಂಡು ನಿನ್ನ ಆಟ ನೋಡಲು ಬರುತ್ತೇವೆ ಎನ್ನುತ್ತಿದ್ದಾರೆ. ಯಾವಾಗ ಬರಲಿ ಹೇಳು.

ಅತ್ತೆ

ಅಕ್ಟೋಬರ್ 19

ಅತ್ತೆಗೆ,

ಈಗ ಬರಬೇಡಿ. ಹೊರಗಿನವರನ್ನು ಬಿಡುವುದಿಲ್ಲ. ಹೊಸ ವರ್ಷ ಕಳೆದ ಮೇಲೆ ನೋಡೋಣ. ವ್ಯಾನು ಗೀನು ಎಲ್ಲ ಬೇಡ. ಎಲ್ಲರಿಗೂ ಯಾಕೆ ಹೇಳಲು ಹೋದೆ?

ಪಿಳ್ಳೆ

ಡಿಸೆಂಬರ್ 4

ಪಿಳ್ಳೆ,

ಹೇಗಿದ್ದೀಯಾ? ಇಲ್ಲಿ ಚಳಿ ಶುರುವಾಗಿದೆ. ನಾನು ಚೆನ್ನಾಗಿದ್ದೇನೆ. ವ್ಯಾನಿನ ವಿಷಯ ಬಿಟ್ಟುಬಿಟ್ಟೆ, ನೀನು ತಲೆ ಕೆಡಿಸಿಕೊಳ್ಳಬೇಡ.

ಗೋಲು ಹೊಡೆದೆಯಾ, ಗೆದ್ದೆಯಾ ಎಂದು ಇನ್ನು ಕೇಳುವುದಿಲ್ಲ. ನಿನಗೆ ಹೇಳಬೇಕು ಅನ್ನಿಸಿದ್ದನ್ನು ಹೇಳು. ಹೊಟ್ಟೆ ತುಂಬ ತಿನ್ನು, ಜೋತಾಡುವುದನ್ನು ಬೇಕಾದರೆ ಬಿಡು. ಮೈ ತನ್ನ ಹೊತ್ತಿಗೆ ತಾನು ಬೆಳೆಯುತ್ತದೆ.

ಕಂಬ ಹೇಗಿದ್ದಾನೆ? ಅವನ ಜೊತೆ ಚೆನ್ನಾಗಿ ಇರು. ಸುಮ್ಮಸುಮ್ಮನೆ ಅಂಗಿಯ ತೋಳು ಕಚ್ಚುವ ಹುಡುಗರು ಹೊರಗೆ ಎಷ್ಟೇ ಗಟ್ಟಿ ಕಂಡರೂ ಒಳಗೆ ಮೆತ್ತಗಿರುತ್ತಾರೆ. ಅವನಿಗೆ ಮನೆಯಲ್ಲಿ ಯಾರಿದ್ದಾರೆ? ಅವನಿಗೆ ಏನಾದರೂ ಬೇಕಾ ಎಂದು ಕೇಳಿ ಬರಿ.

ಅತ್ತೆ

ಜನವರಿ 15

ಅತ್ತೆಗೆ,

ಕಂಬ ಹೇಗಿದ್ದಾನೆ, ಕಂಬನಿಗೆ ಏನು ಬೇಕು, ಕಂಬನಿಗೆ ಮನೆಯಲ್ಲಿ ಯಾರಿದ್ದಾರೆ. ಹೊಸ ವರ್ಷಕ್ಕೆ ಬರೆದ ಚೀಟಿಯಲ್ಲೂ ಅದೇ. ಅವನು ಚೆನ್ನಾಗಿದ್ದಾನೆ. ಅವನ ಅಣ್ಣನಿಗೆ ಟೈರ್ ಅಂಗಡಿ ಇದೆ. ಅವನು ಅಂಗಿಯ ತೋಳು ಕಚ್ಚುತ್ತಾನೆ ಎಂದು ನಾನು ಯಾವಾಗ ಬರೆದೆನೋ ನೆನಪಿಲ್ಲ, ಆದರೆ ನೀನು ಮಾತ್ರ ಅವನ ವಿಷಯವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೀಯಾ. ನನ್ನ ಆಟದ ವಿಷಯ ಕೇಳುವುದನ್ನೇ ಬಿಟ್ಟೆ. ಉದ್ದ ಇರುವವರೇ ನಿನಗೂ ಬೇಕು.

ಸರಿ, ನಿಜ ಹೇಳುತ್ತೇನೆ. ನಾನು ಕ್ಯಾಪ್ಟನ್, ಆದರೆ ಹದಿಮೂರು ವರ್ಷದ ಮಕ್ಕಳ ತಂಡಕ್ಕೆ. ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಗೊತ್ತಾಗುತ್ತದಂತೆ. ನನಗೆ ಹದಿನೈದು ದಾಟಿದೆ, ನನ್ನ ಮೂಳೆಗೆ ಇನ್ನೂ ಹದಿಮೂರು. ಕಂಬನ ಮೂಳೆಗೆ ಆಗಲೇ ಹದಿನೆಂಟು. ಅದಕ್ಕೇ ನನ್ನನ್ನು ಮಕ್ಕಳ ಜೊತೆ ಆಡಿಸುತ್ತಿದ್ದರು. ದೊಡ್ಡವರ ಮಧ್ಯೆ ಹಾಕಿದರೆ ನೀನು ಪೆಟ್ಟು ತಪ್ಪಿಸಿಕೊಳ್ಳುವುದನ್ನು ಮಾತ್ರ ಕಲಿಯುತ್ತೀಯಾ, ಇಲ್ಲಿ ಆಟ ಕಲಿಯುತ್ತೀಯಾ ಎಂದು ಕೋಚ್ ಹೇಳಿದ್ದರು. ನನಗೆ ನಾಚಿಕೆಯಾಗಿ ನಿನಗೆ ಹೇಳಲಿಲ್ಲ. ಆ ಡ್ರೆಸ್ಸಿಂಗ್ ಕೋಣೆಯಲ್ಲಿ ಒಬ್ಬ ಹುಡುಗ ಹಲ್ಲು ಬಿದ್ದದ್ದನ್ನು ಎಲ್ಲರಿಗೂ ತೋರಿಸುತ್ತಿರುತ್ತಾನೆ. ನಾನು ಅವನ ಪಕ್ಕ ಕೂತು ಬೂಟು ಹಾಕಿಕೊಳ್ಳಬೇಕು.

ಹೋದ ವಾರ ಕೋಚ್ ಹತ್ತಿರ ಹೋಗಿ, ನನ್ನ ವಯಸ್ಸಿನವರ ಜೊತೆಯೇ ಆಡಿಸಿ ಎಂದು ಹಟ ಹಿಡಿದೆ. ಅವರು ನನ್ನ ಮುಖವನ್ನೇ ನೋಡಿ, "ಆಗಲಿ, ಆಡು" ಅಂದರು. ಆಡಿದೆ. ಎರಡು ಪಂದ್ಯ ಆಯಿತು. ಚೆಂಡು ಬರುವ ಮೊದಲೇ ಯಾರು ಗುದ್ದುತ್ತಾರೋ ಎಂದು ಮೈ ಬಿಗಿಯಾಗುತ್ತದೆ. ಚೆಂಡು ಬಂದ ಕೂಡಲೇ ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ. ನಿನ್ನೆ ನಾನು ಬಿದ್ದಾಗ ನಿನ್ನ ಕಂಬನೇ ಬಂದು ಕಾಲರ್ ಹಿಡಿದು ಎತ್ತಿ ನಿಲ್ಲಿಸಿದ. ಎಲ್ಲರೂ ನಕ್ಕರು. ಆದರೂ ನಾನು ವಾಪಸ್ ಮಕ್ಕಳ ತಂಡಕ್ಕೆ ಹೋಗುವುದಿಲ್ಲ.

ಪಿಳ್ಳೆ

ಜನವರಿ 24

ಪಿಳ್ಳೆ,

ಮೊದಲು ಕೂತುಕೋ. ಆಮೇಲೆ ಓದು.

ನಾನು ನವೆಂಬರ್‌ನಲ್ಲಿ ಅಲ್ಲಿಗೆ ಬಂದಿದ್ದೆ. ಹೊರಗಿನವರನ್ನು ಬಿಡುವುದಿಲ್ಲ ಎಂದು ನೀನು ಬರೆದದ್ದು ಸುಳ್ಳು ಎಂದು ನನಗೆ ಆ ಚೀಟಿ ನೋಡಿದಾಗಲೇ ಗೊತ್ತಾಗಿತ್ತು. ನಿನ್ನನ್ನು ಸಾಕಿದವಳು ನಾನು. ರಜೆ ಹಾಕಿ, ಯಾರಿಗೂ ಹೇಳದೆ ಬಂದೆ. ಬೇಲಿಯ ಹೊರಗೆ ನಿಂತು ನೋಡಿದರೆ ನೀನು ಸಣ್ಣ ಮಕ್ಕಳ ಮಧ್ಯೆ ಆಡುತ್ತಿದ್ದೆ. ನನಗೆ ಎಲ್ಲಿಲ್ಲದ ಕೋಪ ಬಂತು. ನನ್ನ ಹುಡುಗನನ್ನು ಆಟದ ಸಾಮಾನು ಮಾಡಿಕೊಂಡಿದ್ದಾರೆ ಎಂದುಕೊಂಡು, ಗೇಟಿನ ಹತ್ತಿರ ಹೋಗಿ ಕೋಚಿನ ಗ್ರಹಚಾರ ಬಿಡಿಸಲು ಸೆರಗು ಬಿಗಿದದ್ದೂ ಆಯಿತು.

ಅಷ್ಟರಲ್ಲಿ ನಿಮ್ಮ ಕೋಚ್ ಇನ್ನೊಬ್ಬ ಕೋಚಿನ ಜೊತೆ ಗೆರೆಯ ಹತ್ತಿರ ನಿಂತು ಮಾತಾಡತೊಡಗಿದ, ಮುಖ ನನ್ನ ಕಡೆಗಿತ್ತು. ಓದಿದೆ. ನಿನ್ನನ್ನು ತೋರಿಸಿ ಅವನು ಹೇಳಿದ್ದು ಇಷ್ಟು: "ಆ ಪುಟ್ಟವನು ಎಲ್ಲರಿಗಿಂತ ಮೊದಲು ನೋಡ್ತಾನೆ. ಮೂಳೆ ಬಲಿಯೋವರೆಗೂ ಕಾಯ್ಬೇಕಾದ ಹುಡುಗ ಅಂದ್ರೆ ಇವನೇ." ಆಮೇಲೆ ಪಕ್ಕದ ಮೈದಾನದಲ್ಲಿ ಅಂಗಿಯ ತೋಳು ಕಚ್ಚುತ್ತ ನಿಂತಿದ್ದ ಉದ್ದನೆಯ ಹುಡುಗನನ್ನು ತೋರಿಸಿದ. "ಕಂಬನ ಆಟ ಇಷ್ಟೇ. ಉಳಿದವರು ಬೆಳೆದ್ರು, ಅವನ ಅನುಕೂಲ ಹೋಯ್ತು" ಅಂದ. ನನ್ನ ಕೋಪವೆಲ್ಲ ಇಳಿದುಹೋಯಿತು. ನಿನಗೆ ಕಾಣಿಸಿಕೊಳ್ಳದೆ ವಾಪಸ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಖುಷಿಪಡಬೇಕೋ ಆ ಹುಡುಗನಿಗಾಗಿ ಅಳಬೇಕೋ ತಿಳಿಯಲಿಲ್ಲ. ಅದಕ್ಕೇ ಅವನ ವಿಷಯ ಕೇಳುತ್ತಿದ್ದೆ. ಉದ್ದ ಇರುವವರು ನನಗೆ ಯಾಕೆ ಬೇಕು, ಪೆದ್ದ?

ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟುಪಾಡು ಇದೆ. ತನಗೆ ಹೇಳದ ಮಾತನ್ನು ಯಾರಾದರೂ ದೂರದಿಂದ ಓದಿದರೆ ಅದು ಅವಳಲ್ಲೇ ಸಾಯಬೇಕು. ಇಲ್ಲದಿದ್ದರೆ ನಾವು ಒಬ್ಬರ ಎದುರು ಒಬ್ಬರು ಬಾಯಿ ತೆರೆಯಲು ಆಗುವುದಿಲ್ಲ. ಒಬ್ಬಳು ಹೀಗೆ ಓದಿದ್ದನ್ನು ಇನ್ನೊಬ್ಬಳಿಗೆ ಮುಟ್ಟಿಸಿದ್ದಕ್ಕೆ ಊಟದ ಹೊತ್ತಿನಲ್ಲಿ ಯಾರೂ ಅವಳ ಕಡೆ ಮುಖ ಮಾಡುತ್ತಿರಲಿಲ್ಲ. ಇವತ್ತು ನಾನೇ ಅದನ್ನು ಮುರಿಯುತ್ತಿದ್ದೇನೆ. ನೀನು ನಾಚಿಕೆಗೆ ಬಿದ್ದು ನಿನ್ನ ಕಾಲಿನ ಮೇಲೆ ನೀನೇ ಕಲ್ಲು ಹಾಕಿಕೊಳ್ಳುತ್ತಿರುವಾಗ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ನಾಳೆಯೇ ಕೋಚ್ ಹತ್ತಿರ ಹೋಗು. ಮಕ್ಕಳ ಜೊತೆ ವಾಪಸ್ ಹಾಕಿ ಎಂದು ಕೇಳು. ಕಂಬನ ವಿಷಯ ನಿನ್ನ ಬಾಯಿಂದ ಹೊರಗೆ ಬೀಳಕೂಡದು.

ಅತ್ತೆ

ಫೆಬ್ರವರಿ 6

ಅತ್ತೆಗೆ,

ಹೋಗಿ ಕೇಳಿದೆ. ಕೋಚ್ ಯಾಕೆ ಎಂದು ಕೇಳಲಿಲ್ಲ. ಮಕ್ಕಳ ಡ್ರೆಸ್ಸಿಂಗ್ ಕೋಣೆಗೆ ವಾಪಸ್ ಹೋಗುವಾಗ ಕಾಲು ಎಳೆಯುತ್ತಿತ್ತು, ಆದರೆ ಮಕ್ಕಳು ಬೆಂಚಿನ ಮೇಲೆ ನನ್ನ ಜಾಗವನ್ನು ಹಾಗೇ ಬಿಟ್ಟಿದ್ದರು. ನಿನ್ನೆಯ ಪಂದ್ಯದಲ್ಲಿ ನನಗೆ ಹೇಗೆ ಬೇಕೋ ಹಾಗೆ ಆಡಿದೆ. ತಿರುಗಿ ನೋಡಲು ಹೊತ್ತು ಸಿಕ್ಕಿತು.

ನೀನು ಬಂದು ಹಾಗೇ ಹೋದೆ ಎಂದು ಓದಿ ಬೇಜಾರಾಯಿತು. ಬೇಲಿಯ ತನಕ ಬಂದು ಹೋದೆಯಲ್ಲ. ನಾನು ಆವತ್ತು ನಿನ್ನನ್ನು ನೋಡಿದ್ದರೆ ಓಡಿ ಬರುತ್ತಿದ್ದೆ, ಮಕ್ಕಳ ತಂಡದ ಅಂಗಿ ಹಾಕಿಕೊಂಡಿದ್ದರೂ ಬರುತ್ತಿದ್ದೆ.

ಕಂಬನಿಗೆ ನಾನು ಏನೂ ಹೇಳಿಲ್ಲ. ಆದರೆ ಈಗ ಅವನನ್ನು ನೋಡಿದರೆ ನನಗೆ ಮೊದಲಿನ ಹೆದರಿಕೆ ಇಲ್ಲ.

ಪಿಳ್ಳೆ

ಮಾರ್ಚ್ 3

ಅತ್ತೆಗೆ,

ಕಂಬ ಮನೆಗೆ ಹೋಗಿಬಿಟ್ಟ. ಸಾಮಾನು ಕಟ್ಟಿಕೊಂಡು, ಆಫೀಸಿನಲ್ಲಿ ಸಹಿ ಹಾಕಿ ಹೋದ. ಆಟ ಸಾಕು ಎಂದಷ್ಟೇ ಹೇಳಿದನಂತೆ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಕೋಣೆಯಲ್ಲಿ ಈಗ ನಾನೊಬ್ಬನೇ.

ಶಾಲೆಯ ಅಂಕಗಳು ಬಂದವು, ಪರವಾಗಿಲ್ಲ. ನಿನ್ನ ಮೊಣಕಾಲು ಹೇಗಿದೆ?

ಪಿಳ್ಳೆ

ಮಾರ್ಚ್ 11

ಪಿಳ್ಳೆ,

ನನ್ನ ಮೊಣಕಾಲಿಗೆ ಯಾವತ್ತೂ ಏನೂ ಆಗಿಲ್ಲ.

ನೀನು ಅವನಿಗೆ ಹೇಳಿದೆಯಾ? ಹೌದು ಅಥವಾ ಇಲ್ಲ, ಅಷ್ಟೇ ಬರಿ.

ಅತ್ತೆ

ಏಪ್ರಿಲ್ 26

ಅತ್ತೆಗೆ,

ಹೌದು.

ಇಷ್ಟು ದಿನ ಬರೆಯಲಿಲ್ಲ. ಆ ಒಂದು ಪದ ಬರೆದು ಕಳಿಸಲು ಕೈ ಬರಲಿಲ್ಲ. ಈಗ ಎಲ್ಲವನ್ನೂ ಬರೆಯುತ್ತೇನೆ, ಬೈಯುವುದನ್ನು ಕೊನೆಯಲ್ಲಿ ಬೈಯಿ.

ಫೆಬ್ರವರಿ ಕೊನೆಯಲ್ಲಿ ಒಂದು ಸಂಜೆ ಅವನು ನಮ್ಮ ಮಕ್ಕಳ ತಂಡವನ್ನು ಲೇವಡಿ ಮಾಡಿದ. ನನ್ನ ಬೂಟನ್ನು ಕೈಯಲ್ಲಿ ಹಿಡಿದು, ಇದು ಕೀಲಿಕೈ ಗೊಂಚಲಿಗೆ ಹಾಕಿಕೊಳ್ಳಲು ಚೆನ್ನಾಗಿದೆ ಎಂದ. ದಿನಾ ಮಾಡುವ ತಮಾಷೆಯೇ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೆ ಎಲ್ಲಿತ್ತೋ ಸಿಟ್ಟು. "ನೀನು ನಗು, ಏಪ್ರಿಲ್‌ನಲ್ಲಿ ಬಸ್ಸು ಹತ್ತೋನು ನೀನೇ" ಅಂದೆ. ನಿನ್ನ ಪತ್ರದಲ್ಲಿ ಇದ್ದ ಕೋಚಿನ ಮಾತನ್ನು ಒಂದೂ ಬಿಡದೆ ಹೇಳಿದೆ. ಅವನು ಬೂಟು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ. ಎರಡು ದಿನ ಬಿಟ್ಟು ಹೊರಟುಹೋದ. ಅವರಾಗಿ ಕಳಿಸುವ ಮೊದಲು ತಾನಾಗಿ ಹೋದರೆ ಮಾನ ಉಳಿಯುತ್ತದೆ ಎಂದುಕೊಂಡಿರಬೇಕು.

ಇವತ್ತು ಕೋಚ್ ನನ್ನನ್ನು ಕರೆದರು. ನನಗೆ ಕರಾರು ಸಿಕ್ಕಿದೆ ಅತ್ತೆ. ಎರಡು ವರ್ಷ, ಹಿರಿಯರ ಹಾಸ್ಟೆಲಿನಲ್ಲಿ ಹಾಸಿಗೆ. ನೀನು ಈ ಸಾಲನ್ನು ಶೆಡ್ಡಿನಲ್ಲಿ ಓದಿ ಹೇಳುವ ಮೊದಲು ಮುಂದಿನದನ್ನೂ ಓದು.

ನಾನು ಥ್ಯಾಂಕ್ಸ್ ಹೇಳಿ ಏಳುತ್ತಿದ್ದೆ. ಅವರು ಸಹಜವಾಗಿ ಹೇಳಿದರು, "ನಿಜ ಹೇಳ್ಬೇಕು ಅಂದ್ರೆ ನಿನಗೆ ಜಾಗ ಇರಲಿಲ್ಲ. ನಿನಗಾಗಿ ಕಾಯೋಣ ಅಂತ ಆಸೆ ಇತ್ತು, ಹಾಸಿಗೆ ಇರಲಿಲ್ಲ. ಕಂಬ ಹೋಗಿದ್ದಕ್ಕೆ ಒಂದು ಖಾಲಿ ಆಯ್ತು." ಕಂಬನನ್ನು ಉಳಿಸಿಕೊಳ್ಳುವವರಿದ್ದಿರಾ ಎಂದು ಕೇಳಿದೆ. ಫಾರ್ವರ್ಡ್ ಆಗಿ ಅವನ ಆಟ ಮುಗಿದಿತ್ತಂತೆ. ಹಿಂದೆ ಡಿಫೆನ್ಸ್‌ಗೆ ಹಾಕಿ ಹೊಸದಾಗಿ ಕಲಿಸೋಣ ಎಂದು ನವೆಂಬರ್‌ನಲ್ಲೇ ಇಬ್ಬರು ಕೋಚ್‌ಗಳೂ ತೀರ್ಮಾನಿಸಿದ್ದರಂತೆ. ಈ ವರ್ಷದ ಪಂದ್ಯಗಳು ಮುಗಿದ ಮೇಲೆ ಹೇಳೋಣ, ಈಗಲೇ ಹೇಳಿದರೆ ಮನಸ್ಸು ಕೆಡುತ್ತದೆ ಎಂದು ಇಟ್ಟುಕೊಂಡಿದ್ದರು. ಯಾಕೆ ಓಡಿಹೋದನೋ ಎಂದು ಅವರು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಕರಾರಿಗೆ ಸಹಿ ಹಾಕಲು ಮೇ ಹತ್ತರವರೆಗೆ ಸಮಯ ಇದೆ. ನೀನು ಆ ದಿನ ಕೋಚ್ ಹೇಳಿದ್ದನ್ನೆಲ್ಲ ಓದಿದೆಯಾ? ಎಲ್ಲವನ್ನೂ? ನಾನು ಏನು ಮಾಡಲಿ ಹೇಳು.

ಪಿಳ್ಳೆ

ಮೇ 2

ಪಿಳ್ಳೆ,

ಎಲ್ಲವನ್ನೂ ಓದಲಿಲ್ಲ. ಕಂಬನ ಆಟ ಇಷ್ಟೇ ಎಂದ ಮೇಲೆ ಇನ್ನೊಬ್ಬ ಕೋಚ್ ಏನೋ ಕೇಳಿದ. ನಿಮ್ಮವನು ಉತ್ತರ ಕೊಡುತ್ತ ಮೈದಾನದ ಕಡೆಗೆ ತಿರುಗಿದ. ನನಗೆ ಕಂಡದ್ದು ಅವನ ತಲೆಯ ಹಿಂಭಾಗ. ಅವರು ಬಹಳ ಹೊತ್ತು ಮಾತಾಡಿದರು. ಬೆನ್ನನ್ನು ಓದಲು ಯಾರಿಗೂ ಬರುವುದಿಲ್ಲ. ನನಗೆ ಬೇಕಾದ ಮಾತು ಸಿಕ್ಕಿತ್ತು, ಉಳಿದದ್ದು ಸಿಗದಿದ್ದರೆ ಏನು ಎಂದು ಹೊರಟುಬಂದೆ. ಮುಖ ತಿರುಗಿಸಿದ ಸಂಗತಿಯನ್ನು ನಿನಗೆ ಬರೆಯಲಿಲ್ಲ. ಬರೆದಿದ್ದರೆ ನೀನು ನನ್ನ ಮಾತು ನಂಬಿ ಮಕ್ಕಳ ತಂಡಕ್ಕೆ ವಾಪಸ್ ಹೋಗುತ್ತಿರಲಿಲ್ಲ.

ಈಗ ನಾನು ಹೇಳುವುದನ್ನು ಕೇಳು. ಸುಮ್ಮನಿರು. ಬಾಯಿಗೆ ಬೀಗ ಹಾಕಿಕೊಂಡು ಸಹಿ ಹಾಕು. ಅವನನ್ನು ಯಾರೂ ಕತ್ತು ಹಿಡಿದು ಹೊರಗೆ ಹಾಕಲಿಲ್ಲ, ತಾನಾಗಿ ಹೋದ. ಅವನಿಗೆ ಅಣ್ಣ ಇದ್ದಾನೆ, ಅಂಗಡಿ ಇದೆ. ನಿನಗೆ ಏನಿದೆ? ನೀನು ವಾಪಸ್ ಬಂದರೆ ನಿನ್ನ ಅಪ್ಪ ಮಾರನೆಯ ದಿನವೇ ನಿನ್ನನ್ನು ಮೆಕ್ಯಾನಿಕ್ ಕೆಲಸಕ್ಕೆ ಲಾರಿಯ ಕೆಳಗೆ ಮಲಗಿಸುತ್ತಾನೆ. ಕಾದದ್ದು ಸಾಲದೇ? ನೀನು ಕಳ್ಳತನ ಮಾಡಿಲ್ಲ. ಸಿಟ್ಟಿನಲ್ಲಿ ಒಂದು ಮಾತು ಆಡಿದೆ, ಪ್ರಪಂಚದಲ್ಲಿ ಯಾರು ಆಡಿಲ್ಲ? ಪಾಪವಿದ್ದರೆ ನನ್ನ ತಲೆಗೆ ಬರಲಿ, ಹೇಳಿದವಳು ನಾನು.

ಸಹಿ ಹಾಕಿದ ದಿನ ಬರಿ. ಅದಕ್ಕಿಂತ ಮೊದಲು ಬರೆಯಬೇಡ.

ಅತ್ತೆ

ಮೇ 2

ಅತ್ತೆಗೆ,

ನಿನ್ನ ಉತ್ತರಕ್ಕೆ ಕಾಯೋಣ ಎಂದುಕೊಂಡಿದ್ದೆ, ಆಗಲಿಲ್ಲ. ಕೋಣೆಯಲ್ಲಿ ಆ ಖಾಲಿ ಹಾಸಿಗೆಯ ಎದುರು ಬಟ್ಟೆ ಮಡಚುತ್ತಾ ಕೂರಲು ಆಗುತ್ತಿಲ್ಲ. ಇವತ್ತು ಬೆಳಿಗ್ಗೆ ಕೋಚ್ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ನೀನು ಬೇಲಿಯ ಹೊರಗೆ ನಿಂತು ಓದಿದ್ದು, ನಾನು ಕಂಬನಿಗೆ ಹೇಳಿದ್ದು, ಎಲ್ಲ.

ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕಿಟಕಿಯ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಟಿವಿಯಲ್ಲಿ ದೊಡ್ಡ ಕೋಚ್‌ಗಳು ಹಾಗೆ ಮಾಡುವುದನ್ನು ನೋಡಿದ್ದೇನೆ, ಯಾಕೆ ಎಂದು ಇವತ್ತು ಗೊತ್ತಾಯಿತು. ಆಮೇಲೆ ಕಂಬನ ಅಣ್ಣನ ಅಂಗಡಿಯ ನಂಬರ್ ಹುಡುಕಲು ಆಫೀಸಿಗೆ ಹೇಳಿದರು. "ಅವನು ಬಂದ್ರೆ ನಿನಗೆ ಜಾಗ ಇರಲ್ಲ, ಗೊತ್ತಲ್ವಾ?" ಅಂದರು. ಗೊತ್ತು ಎಂದೆ. ನನ್ನ ದನಿ ಹೇಗಿತ್ತೋ, ಅವರು ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

ನಿನ್ನ ಮಾತು ಉಳಿಸಲಿಲ್ಲ ಅತ್ತೆ.

ಪಿಳ್ಳೆ

ಮೇ 7

ಪಿಳ್ಳೆ,

ನಿನ್ನ ಪತ್ರ ಬಂತು. ನಾವಿಬ್ಬರೂ ಒಂದೇ ದಿನ ಬರೆದಿದ್ದೇವೆ. ನನ್ನದು ನಿನಗೆ ತಲುಪಿಲ್ಲದಿದ್ದರೆ, ತಲುಪಿದಾಗ ಓದಬೇಡ. ಒಡೆಯದೆ ಹರಿದು ಹಾಕು.

ನೀನು ಮಾಡಿದ್ದು ಸರಿ ಎಂದು ಬರೆಯಲು ಪಾಳಿ ಮುಗಿದಾಗಿನಿಂದ ಕೂತಿದ್ದೇನೆ, ಬರೆಯಲು ಆಗುತ್ತಿಲ್ಲ. ನನಗೆ ಹೊಟ್ಟೆ ಉರಿಯುತ್ತಿದೆ. ಆ ಹುಡುಗ ಬರದೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ, ಇಂಥವಳು ನಾನು. ನಿನ್ನೆ ಶೆಡ್ಡಿನಲ್ಲಿ ಎಲ್ಲರ ಎದುರು ನಿಂತು ನಾನು ಮಾಡಿದ್ದನ್ನು ಹೇಳಿದೆ. ಇವತ್ತು ಊಟದ ಹೊತ್ತಿನಲ್ಲಿ ಯಾರೂ ನನ್ನ ಕಡೆ ತಿರುಗಲಿಲ್ಲ. ಸರಿಯಾಗಿಯೇ ಮಾಡಿದರು.

ನಿನಗೆ ನಾನು ಸುಳ್ಳು ಕಲಿಸಿರಬಹುದು, ಇದನ್ನು ಯಾರು ಕಲಿಸಿದರೋ ಗೊತ್ತಿಲ್ಲ. ಏನಾಯಿತು ಬರಿ.

ಅತ್ತೆ

ಮೇ 13

ಅತ್ತೆಗೆ,

ಕಂಬ ಬಂದ. ಅವನ ಅಣ್ಣನೇ ಕರೆತಂದು ಬಿಟ್ಟ. ಕಂಬನ ಉಗುರಿನ ಸಂದಿಯಲ್ಲೆಲ್ಲ ಟೈರಿನ ಕರಿ. ನಾಲ್ಕನೆಯ ಮೈದಾನದಲ್ಲಿ ಅವನಿಗೆ ಈಗ ಡಿಫೆನ್ಸ್ ಕಲಿಸುತ್ತಿದ್ದಾರೆ, ಮುಂದೆ ಓಡಿ ಅಭ್ಯಾಸವಾದವನಿಗೆ ಹಿಂದೆ ನಿಲ್ಲಲು ಬರುತ್ತಿಲ್ಲ, ಎಲ್ಲರಿಂದಲೂ ಬೈಸಿಕೊಳ್ಳುತ್ತಿದ್ದಾನೆ.

ಮೊದಲ ಎರಡು ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ನಿನ್ನೆ ನಾನು ಬ್ಯಾಗು ತುಂಬುತ್ತಿದ್ದಾಗ ಅವನಾಗಿಯೇ ಹೇಳಿದ. "ನೀನು ಹೇಳಿದ್ದಕ್ಕೆ ನನಗೆ ಕೋಪ ಇಲ್ಲ ಕಣೋ. ಹೇಳುವಾಗ ನಿನ್ನ ಮುಖದಲ್ಲಿ ಖುಷಿ ಇತ್ತು." ಹೌದು, ಇತ್ತು. ಆಮೇಲೆ ಅವನು ಎದ್ದು, ತುಂಬಿ ಬಾಯಿ ಮುಚ್ಚಲು ಬಾರದ ಬ್ಯಾಗನ್ನು ಮೊಣಕಾಲಿನಿಂದ ಒತ್ತಿ ಹಿಡಿದ, ನಾನು ಜಿಪ್ ಎಳೆದೆ.

ಕೋಚ್ ಎರಡು ವರ್ಷ ಬಿಟ್ಟು ಬಂದು ತೋರಿಸು ಎಂದಿದ್ದಾರೆ. ಕರಾರು ಅಲ್ಲ, ಮಾತು ಅಷ್ಟೇ. ಅಲ್ಲಿಯವರೆಗೆ ಅವರು ಇಲ್ಲಿರುತ್ತಾರೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಅಪ್ಪನಿಗೆ ನಾನೇ ಹೇಳುತ್ತೇನೆ, ನೀನು ಮಧ್ಯೆ ಬಂದು ಕಣ್ಣು ಮುಚ್ಚಿಕೊಳ್ಳುವುದು ಬೇಡ.

ನಿನ್ನ ಎರಡನೇ ತಾರೀಕಿನ ಪತ್ರ ಮೊದಲೇ ಬಂದಿತ್ತು. ಓದಿದೆ. ಸುಮ್ಮನಿರು, ಸಹಿ ಹಾಕು ಎಂದು ನೀನು ಬರೆದದ್ದನ್ನು ಓದುವಾಗ ನನಗೆ ಸಿಟ್ಟು ಬರಲಿಲ್ಲ. ನನಗೋಸ್ಕರ ನೀನು ಕೆಟ್ಟವಳಾಗಲೂ ತಯಾರಿದ್ದೆ ಎಂದು ತಿಳಿದು ಅಳು ಬಂತು. ಅದನ್ನು ಹರಿಯುವುದಿಲ್ಲ. ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.

ಭಾನುವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬರುವುದಾದರೆ ಬಾ. ನಾನು ಬಸ್ಸಿನಿಂದ ಇಳಿಯುವಾಗ ನೀನು ನನ್ನ ಬಾಯಿಯನ್ನೇ ನೋಡುತ್ತಿರುತ್ತೀಯಾ, ಅಷ್ಟು ಜನರ ಎದುರು ನನ್ನಿಂದ ಹೇಳಲು ಆಗುವುದಿಲ್ಲ, ಅದಕ್ಕೇ ಈಗಲೇ ಬರೆಯುತ್ತೇನೆ. ನನಗೆ ಇನ್ನೂ ಆಡಬೇಕು ಅತ್ತೆ.

ಪಿಳ್ಳೆ